ಅಪ್‌ಡೇಟ್: ಪಾಲಿಕೆ ಟೆಂಡರ್ ಸಿಕ್ಕಿತು, ಸಣ್ಣದೇ

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದು ಬೋರ್ಡ್ ಮಾಡುವ ಸಣ್ಣ ಯೂನಿಟ್. ಯಾರ ಪರಿಚಯವೂ ಇಲ್ಲದೆ ಪಾಲಿಕೆ ಕೆಲಸ ಸಿಗುತ್ತದಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನಾಮಫಲಕ ಪೂರೈಸುವ ಟೆಂಡರ್ ಒಂದು ಸಿಕ್ಕಿದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹುಡುಕುವುದು ಕಷ್ಟವಲ್ಲ. ಟೆಂಡರ್‌ಗಳು ಕೆಪಿಪಿಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಖರೀದಿ ಪೋರ್ಟಲ್‌ನಲ್ಲಿ ಬರುತ್ತವೆ. ಆದರೆ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ. ಐದನ್ನೂ ನೋಡಿ. ಜಲಮಂಡಳಿ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಪಾಲಿಕೆಗೆ ಸೇರಿದವಲ್ಲ, ಅವುಗಳ ಟೆಂಡರ್ ಬೇರೆ. ಬಿಡ್ ಹಾಕಲು ಡಿಜಿಟಲ್ ಸಿಗ್ನೇಚರ್ ಬೇಕೇ ಬೇಕು. ಇದನ್ನು ಮೊದಲೇ ಮಾಡಿಸಿಕೊಳ್ಳಿ.

ಅಸಲಿ ಆಟ ಕಾಗದಪತ್ರದಲ್ಲಿದೆ. ನಮ್ಮದು ಎರಡು ಕವರ್ ಟೆಂಡರ್. ಮೊದಲು ತಾಂತ್ರಿಕ ಬಿಡ್ ತೆರೆಯುತ್ತಾರೆ. ಅದರಲ್ಲಿ ಪಾಸಾದವರ ದರವನ್ನಷ್ಟೇ ಆಮೇಲೆ ನೋಡುತ್ತಾರೆ. ಅಂದರೆ ಒಂದು ಸರ್ಟಿಫಿಕೇಟ್ ಇಲ್ಲದಿದ್ದರೆ ನಿಮ್ಮ ಕಡಿಮೆ ರೇಟು ಯಾರ ಕಣ್ಣಿಗೂ ಬೀಳುವುದಿಲ್ಲ! ಟರ್ನ್‌ಓವರ್‌ಗೆ ಸಿಎ ಪತ್ರ, ಜಿಎಸ್‌ಟಿ, ಹಿಂದೆ ಮಾಡಿದ ಕೆಲಸದ ಪ್ರಮಾಣಪತ್ರ, ಎಲ್ಲ ಒಂದೇ ಫೋಲ್ಡರ್‌ನಲ್ಲಿರಲಿ. ಷರತ್ತು ಅರ್ಥವಾಗದಿದ್ದರೆ ಬಿಡ್ ಹಾಕುವ ಮುಂಚೆ ನಡೆಯುವ ಪ್ರೀ-ಬಿಡ್ ಸಭೆಯಲ್ಲಿ ಕೇಳಿಬಿಡಿ, ಸುಮ್ನೆ ಊಹೆ ಮಾಡಬೇಡಿ.

ರೇಟು ತೀರಾ ಇಳಿಸಬೇಡಿ ಎಂದು ಒಬ್ಬರು ಹೇಳಿದ್ದರು, ಸರಿಯಾದ ಮಾತು. ಇಎಂಡಿ (ಬಿಡ್ ಜೊತೆ ಕಟ್ಟುವ ಠೇವಣಿ), ಸೆಕ್ಯುರಿಟಿ ಡೆಪಾಸಿಟ್ ಎಂದು ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಬಿಲ್ಲಿನ ಹಣವೂ ಬೇಗ ಬರುವುದಿಲ್ಲ ಅಲ್ವಾ? ನಮ್ಮದು ಇನ್ನೂ ಬಂದಿಲ್ಲ.