ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಕೈಕೊಟ್ಟಿತು, ಹಳೇ ಬುಲೆಟ್‌ಗೆ ಡಿಸ್ಕ್ ಹಾಕಿಸಬಹುದಾ?

ಪ್ರಶ್ನೆ (ಚಿಕ್ಕಬಳ್ಳಾಪುರ):
ಅಣ್ಣಾ ನಮಸ್ಕಾರ. ನಮ್ಮ ತಾತನ 1979ರ ಬುಲೆಟ್ 350 ಇದೆ. ನಮ್ಮೂರು ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲದ ಗಾಡಿ. ಹೋದ ಭಾನುವಾರ ಮನೆಯವರನ್ನು ಹಿಂದೆ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿದ್ದೆ. ಹತ್ತುವಾಗ ಏನೂ ತೊಂದರೆ ಇಲ್ಲ. ಇಳಿಯುವಾಗ ಅರ್ಧ ದಾರಿಗೆ ಬರುವಷ್ಟರಲ್ಲಿ ಮುಂದಿನ ಬ್ರೇಕ್ ಲಿವರ್ ಹಿಡಿಗೆ ತಾಗುವ ತನಕ ಅಮುಕಿದರೂ ಗಾಡಿ ನಿಲ್ಲುತ್ತಿಲ್ಲ. ಒಂದು ತಿರುವಿನಲ್ಲಿ ಮುಂದಿದ್ದ ಕಾರಿಗೆ ಒಂದು ಗೇಣು ಬಿಟ್ಟು ನಿಂತಿದ್ದೇನೆ. ಅಲ್ಲಿಂದ ಕೆಳಗೆ ಬರುವ ತನಕ ಮನೆಯವರು ಮಾತೇ ಆಡಲಿಲ್ಲ. ಈಗ ಡಿಸ್ಕ್ ಹಾಕಿಸೋಣ ಅಂತಿದ್ದೇನೆ. ಇಲ್ಲೊಬ್ಬರು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ಗೇ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಗುಜರಿ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಅಮುಕುವ ಭಾಗ) ಕೂರಿಸಿಕೊಡ್ತೀನಿ, ಒಂದೇ ದಿನದ ಕೆಲಸ ಅಂತಾರೆ. ಮಾಡಿಸಬಹುದಾ?

ಉತ್ತರ (ಮೆಕ್ಯಾನಿಕ್):
ವೆಲ್ಡಿಂಗ್ ಬೇಡ. ಅದೊಂದನ್ನು ಮೊದಲೇ ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ಬ್ರೇಕ್ ಹಿಡಿದಾಗ ಡಿಸ್ಕ್ ತನ್ನ ಜೊತೆ ಕ್ಯಾಲಿಪರನ್ನೂ ಎಳೆದುಕೊಂಡು ತಿರುಗಲು ನೋಡುತ್ತದೆ. ಆ ಎಳೆತವೆಲ್ಲ ಬೀಳುವುದು ಆ ಪಟ್ಟಿಯ ಮೇಲೆ, ಆ ಎರಡಿಂಚು ವೆಲ್ಡಿನ ಮೇಲೆ. ಡ್ರಮ್ ಗಾಡಿಯ ಫೋರ್ಕ್ ಕಾಲನ್ನು ಕ್ಯಾಲಿಪರ್ ಹೊರಲಿ ಅಂತ ಮಾಡಿದ್ದಲ್ಲ. ವೆಲ್ಡ್ ಬಿಟ್ಟರೆ ಕ್ಯಾಲಿಪರ್ ಹೋಗಿ ಸ್ಪೋಕ್‌ಗೆ ಸಿಕ್ಕಿಕೊಳ್ಳುತ್ತದೆ, ಮುಂದಿನ ಚಕ್ರ ಲಾಕ್ ಆಗುತ್ತದೆ. ಆಮೇಲೆ ನಿಮಗೆ ಪ್ರಶ್ನೆ ಕೇಳುವ ಅವಕಾಶವೂ ಇರಲ್ಲ.

ನಿಮ್ಮದು ಡ್ರಮ್ ಬ್ರೇಕ್, ಚಕ್ರದ ನಡುವಿನ ಡಬ್ಬಿಯಂಥ ಡ್ರಮ್ಮನ್ನು ಒಳಗಿನಿಂದ ಶೂಗಳು ಒತ್ತಿ ಹಿಡಿಯುತ್ತವೆ. ಬೆಟ್ಟದಲ್ಲಿ ಆಗಿದ್ದೇನು ಅಂದರೆ, ಆ ಡ್ರಮ್ ಕಾದಿದೆ. ಕಾದ ಡ್ರಮ್ ಹಿಗ್ಗುತ್ತದೆ, ಶೂಗಳಿಂದ ದೂರ ಸರಿಯುತ್ತದೆ, ಅದಕ್ಕೇ ಲಿವರ್ ಹಿಡಿಗೆ ಬಂದು ಮುಟ್ಟಿದ್ದು. ಜೊತೆಗೆ ಶೂ ಮೇಲಿನ ಲೈನಿಂಗ್ ಕೂಡ ಬಿಸಿಗೆ ಹಿಡಿತ ಬಿಡುತ್ತದೆ. ಡಿಸ್ಕ್ ಗಾಳಿಗೆ ಒಡ್ಡಿಕೊಂಡೇ ಇರುತ್ತದೆ, ಬಿಸಿಯಾದರೂ ಬೇಗ ಆರುತ್ತದೆ, ಹಿಗ್ಗಿದರೂ ಅದನ್ನು ಅಮುಕುವ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಹಾಗಾಗಿ ಡಿಸ್ಕೇ ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಸ್ವಾಮಿ, ಯಾವ ಗೇರಿನಲ್ಲಿ ಇಳಿದಿರಿ? ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿಕೊಂಡು ಬರಲಿಲ್ಲ ತಾನೇ? ಎರಡನೇ ಗೇರ್ ಹಾಕಿದರೆ ಇಂಜಿನ್ನೇ ಅರ್ಧ ಬ್ರೇಕ್.

ನನ್ನ ಮಾತು ಕೇಳಿದರೆ ಒಂದು ವಾರ ಡಿಸ್ಕ್ ಮರೆತು ಚಕ್ರ ಬಿಚ್ಚಿ. ನನ್ನ ಹತ್ತಿರ ಡ್ರಮ್ ಹಿಡಿಯಲ್ಲ ಅಂತ ಬರುವ ಹಳೇ ಗಾಡಿಗಳಲ್ಲಿ ಜಾಸ್ತಿ ಪಾಲು ಸುಮ್ನೆ ಯಾರೂ ನೋಡದೆ ಬಿಟ್ಟವು. ಶೂ ಮೇಲೆ ಗಾಜಿನ ಥರ ಹೊಳಪು ಬಂದಿದೆಯಾ ನೋಡಿ. ಗ್ರೀಸ್ ಕುಡಿದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಉಪಯೋಗ ಇಲ್ಲ, ಬಿಸಿಯಾದಾಗ ಒಳಗಿನದು ಮತ್ತೆ ಹೊರಗೆ ಬರುತ್ತದೆ, ಹೊಸ ಲೈನಿಂಗೇ ಹಾಕಿಸಬೇಕು. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಏರ್ ಹೊಡೆಯಬೇಡಿ. ಆ ಕಾಲದ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಾಕಿ.

ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ತಟ್ಟಿ ತಟ್ಟಿ ಬರುತ್ತಿದ್ದರೆ ಡ್ರಮ್ ಮೊಟ್ಟೆ ಆಕಾರಕ್ಕೆ ಬಂದಿದೆ ಅಂತ. ಒಳಭಾಗ ಸಮ ಮಾಡಿಸಲು ಲೇತ್‌ಗೆ ಕೊಡಿ, ಆದರೆ ಬರೀ ಹಬ್ (ಡ್ರಮ್ ಇರುವ ಚಕ್ರದ ನಡುಭಾಗ) ಕೊಡಬೇಡಿ. ಸ್ಪೋಕ್ ಬಿಗಿದಾಗ ಅವು ಹಬ್ಬನ್ನು ಎಳೆಯುತ್ತವೆ, ಆಕಾರ ಮತ್ತೆ ಬದಲಾಗುತ್ತದೆ. ರಿಮ್ಮು ಸ್ಪೋಕು ಎಲ್ಲ ಕಟ್ಟಿದ ಪೂರ್ತಿ ಚಕ್ರವನ್ನೇ ಲೇತ್‌ಗೆ ಹಾಕಿಸಬೇಕು. ಅಷ್ಟು ದೊಡ್ಡ ಲೇತ್ ನಿಮ್ಮಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋಗಿ ಬನ್ನಿ, ದೂರ ಏನಲ್ಲ.

ಇನ್ನೊಂದು ಚಿಕ್ಕ ಕೆಲಸ, ಕಾಸು ಖರ್ಚಿಲ್ಲ. ಚಕ್ರ ವಾಪಸ್ ಹಾಕುವಾಗ ಆಕ್ಸಲ್ ನಟ್ ಸಡಿಲ ಇರುವಾಗಲೇ ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡು, ಹಾಗೆ ಹಿಡಿದಿರುವಾಗಲೇ ನಟ್ ಬಿಗಿಯಿರಿ. ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಎಷ್ಟೋ ಗಾಡಿ ಇಷ್ಟಕ್ಕೇ ಸುಧಾರಿಸಿವೆ. ಕೇಬಲ್ ಹೊಸದು ಹಾಕಿ. ಬ್ರೇಕ್ ಪೂರ್ತಿ ಹಿಡಿದಾಗ, ಕೆಳಗೆ ಚಕ್ರದ ಬಳಿ ಕೇಬಲ್ ಎಳೆಯುವ ಆರ್ಮ್ ಕೇಬಲ್‌ಗೆ ಮೂಲೆಮಟ್ಟದಲ್ಲಿ ನಿಲ್ಲಬೇಕು. ಅದು ದಾಟಿ ಹೋಗಿದ್ದರೆ ನೀವು ಎಷ್ಟೇ ಅಮುಕಿದರೂ ಬಲ ಸೋರಿ ಹೋಗುತ್ತದೆ.

ಪ್ರಶ್ನೆ (ಅವರೇ):
ನ್ಯೂಟ್ರಲ್ ಅಲ್ಲ ಅಣ್ಣ, ಟಾಪ್ ಗೇರ್ ☹️ ಚಕ್ರ ಬಿಚ್ಚಿದೆ. ಒಂದು ಶೂ ಅರ್ಧ ಗ್ರೀಸ್ ಆಗಿದೆ. ಇದನ್ನೆಲ್ಲ ಮಾಡಿಸ್ತೀನಿ. ಆದರೂ ಮುಂದೆ ಡಿಸ್ಕ್ ಬೇಕೇ ಬೇಕು ಅಂದರೆ ಸರಿಯಾದ ದಾರಿ ಯಾವುದು?

ಉತ್ತರ:
ಒಂದೇ ಗಾಡಿಯ ಮುಂಭಾಗ ಪೂರ್ತಿ ತನ್ನಿ. ಕ್ಯಾಲಿಪರ್ ಕೂರುವ ಕಿವಿ ಎರಕದಲ್ಲೇ ಇರುವ ಫೋರ್ಕ್, ಡಿಸ್ಕ್ ಹಬ್, ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ (ಲಿವರ್ ಅಮುಕಿದಾಗ ಬ್ರೇಕ್ ಆಯಿಲನ್ನು ಕ್ಯಾಲಿಪರ್‌ಗೆ ದೂಡುವುದು), ಲಿವರ್, ಎಲ್ಲ. ಡಿಸ್ಕ್ ಬಂದ ಬುಲೆಟ್‌ನದೇ ಆದರೆ ಅರ್ಧ ತಲೆನೋವು ಕಮ್ಮಿ. ಮಾಸ್ಟರ್ ಸಿಲಿಂಡರ್ ಒಂದು ಗಾಡಿಯದು, ಕ್ಯಾಲಿಪರ್ ಇನ್ನೊಂದರದು ಹಾಕಿದರೆ ಲೆಕ್ಕ ತಪ್ಪುತ್ತದೆ. ಮಾಸ್ಟರ್ ಪಿಸ್ಟನ್ ದಪ್ಪ ಜಾಸ್ತಿಯಾದರೆ ಲಿವರ್ ಕಲ್ಲಿನ ಥರ ಗಟ್ಟಿ, ಹಿಡಿತ ಕಮ್ಮಿ. ತೀರಾ ಸಣ್ಣದಾದರೆ ಲಿವರ್ ಹಿಡಿಗೆ ಬಂದು ಕೂರುತ್ತದೆ, ಅಂದರೆ ನೀವು ನಂದಿಯಲ್ಲಿ ಕಂಡ ಕಥೆಯೇ.

ನಿಮ್ಮ ಗಾಡಿಯಲ್ಲಿ ಹೆಡ್‌ಲೈಟ್ ಡೂಮೂ ಫೋರ್ಕಿನ ಮೇಲ್ಭಾಗವೂ ಒಂದೇ, ಟೈಗರ್ ಲ್ಯಾಂಪ್ ಅನ್ನುವ ಎರಡು ಚಿಕ್ಕ ದೀಪ ಇರುವ ಅದೇ. ಹೊಸ ಫೋರ್ಕ್ ಅದಕ್ಕೆ ಹೊಂದುತ್ತದಾ ಅಂತ ಕಾಸು ಕೊಡುವ ಮುಂಚೆ ಅಳತೆ ಹಾಕಿ. ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುತ್ತಿದ್ದರೆ ಅದಕ್ಕೂ ಜಾಗ ನೋಡಿಕೊಳ್ಳಿ, ಎಲ್ಲರೂ ಮರೆಯುವುದು ಇದನ್ನೇ. ಬ್ರೇಕ್ ಆಯಿಲ್ ಹೋಗುವ ಹೋಸ್ ಹಾಕಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ನೆಲದಿಂದ ಎತ್ತಿ ಫೋರ್ಕ್ ಪೂರ್ತಿ ಇಳಿಬಿಟ್ಟು ನೋಡಿ, ಎಲ್ಲೂ ಎಳೆಯಬಾರದು. ತಾಮ್ರದ ವಾಷರ್ ಹೊಸದೇ ಆಗಲಿ. ಡಾಟ್ 4 ಬ್ರೇಕ್ ಆಯಿಲ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ, ಅದು ಗಾಳಿಯ ತೇವ ಕುಡಿಯುತ್ತದೆ. ಟ್ಯಾಂಕ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ತಾತನ ಕಾಲದ ಬಣ್ಣ ಕಿತ್ತು ಬರುತ್ತದೆ.

ಪ್ರಶ್ನೆ (ಚಿಂತಾಮಣಿ):
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ ಸಾರ್. ಡಿಸ್ಕ್ ಹಾಕಿಸಿದರೆ ಆರ್‌ಟಿಓದಲ್ಲಿ ತೊಂದರೆ ಆಗುತ್ತಾ? ವಿಂಟೇಜ್ ನಂಬರ್ ಸಿಗುತ್ತಾ?

ಉತ್ತರ:
ನಾನು ವಕೀಲ ಅಲ್ಲ, ಗೊತ್ತಿರುವಷ್ಟು ಹೇಳ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಕೆಲಸಕ್ಕೆ ಮುಂಚೆ ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ವಿಂಟೇಜ್ ನಿಯಮ ಬಂದಿದ್ದು 2021ರಲ್ಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. ಮೇಲೆ ಕೇಳಿದವರ 1979ರ ಬುಲೆಟ್‌ಗೆ 2029ಕ್ಕೆ 50 ತುಂಬುತ್ತದೆ. ಆದರೆ ವಿಂಟೇಜ್ ಅಂತ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕಷ್ಟೇ ರಸ್ತೆಗೆ ಇಳಿಸಬಹುದು, ದಿನಾ ಸಂತೆಗೆ ಓಡಿಸೋಕಾಗಲ್ಲ. ಡಿಸ್ಕ್ ಹಾಕಿಸಿದರೂ ಹಳೇ ಫೋರ್ಕ್, ಹಬ್, ಒಂದು ವಾಷರ್ ಕೂಡ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದಿಡಿ.

ಪ್ರಶ್ನೆ (ಚಿಕ್ಕಬಳ್ಳಾಪುರ):
ಅಣ್ಣಾ, ಹೊಸ ಲೈನಿಂಗ್, ಹೊಸ ಕೇಬಲ್ ಆಯ್ತು. ನೀವು ಹೇಳಿದ ಹಾಗೆ ಬ್ರೇಕ್ ಹಿಡಿದುಕೊಂಡೇ ನಟ್ ಬಿಗಿದೆ. ಬೆಳಿಗ್ಗೆ ಬಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದೆ, ಎರಡು ಬೆರಳಿಗೆ ಮುಂಭಾಗ ಕುಸಿಯುವ ಹಾಗೆ ಹಿಡಿಯುತ್ತಿದೆ! ಡಿಸ್ಕ್ ಸದ್ಯಕ್ಕೆ ಬೇಡ ಅನ್ನಿಸುತ್ತಿದೆ. ಈ ಭಾನುವಾರ ನಂದಿಗೆ ಹೋಗಲಾ?

ಉತ್ತರ:
ಹೊಸ ಲೈನಿಂಗ್ ಡ್ರಮ್‌ಗೆ ಹೊಂದಿಕೊಳ್ಳಲಿ, ಎರಡು ವಾರ ಊರಲ್ಲೇ ಓಡಿಸಿ. ಮತ್ತೆ ಆ ಗ್ರೀಸ್ ಎಲ್ಲಿಂದ ಬಂತು ಅಂತ ನೋಡಿದ್ರಾ? ಬೇರಿಂಗ್ ಪಕ್ಕದ ಸೀಲ್ ಬದಲಿಸಿದ ವಿಷಯ ನೀವು ಹೇಳಲೇ ಇಲ್ಲ.