ಹಳೇ ಕನ್ಸೋಲ್‌ನಲ್ಲಿ ಸೂಪರ್‌ಹೀರೋ ಆಟ: ಯಾವುದರಿಂದ ಶುರು ಮಾಡಲಿ?

ಕೇಳಿದವರು, ಪುಟ್ಟನ ಅಮ್ಮ:
ಅಣ್ಣ ಮನೆ ಖಾಲಿ ಮಾಡುವಾಗ ಒಂದು ಡಬ್ಬ ಕೊಟ್ಟ. ಒಳಗೆ ಸೆಗಾ ಮೆಗಾ ಡ್ರೈವ್, ಮೊದಲನೇ ಪ್ಲೇಸ್ಟೇಷನ್, ಉಳಿದದ್ದೆಲ್ಲ ಧೂಳು. ಆಟ ಅಂತ ಇರೋದು ಒಂದೇ, ಲೇಬಲ್ ಅರ್ಧ ಹರಿದ 'ಎಕ್ಸ್-ಮೆನ್' ಕಾರ್ಟ್ರಿಡ್ಜ್. ಹಾಕಿದರೆ ಪರದೆ ಪೂರ್ತಿ ಕಪ್ಪು. ಮಗನಿಗೆ 9 ವರ್ಷ, ಸ್ಪೈಡರ್‌ಮ್ಯಾನ್ ಹುಚ್ಚು. ಈ ಹಳೇ ಆಟಗಳು ತುಂಬ ಕಷ್ಟ ಅಂತಾರೆ. ಯಾವುದನ್ನು ಹುಡುಕಲಿ? ಆಡಿದವರು ಹೇಳಿ.

ಬಲೆಗಾರ:
ಯೋಚನೆ ಮಾಡೋದೇ ಬೇಡ ಅಕ್ಕಾ. ಪ್ಲೇಸ್ಟೇಷನ್‌ಗೆ 2000ದಲ್ಲಿ ಬಂದ 'ಸ್ಪೈಡರ್-ಮ್ಯಾನ್' ತನ್ನಿ. ಟೋನಿ ಹಾಕ್ ಸ್ಕೇಟಿಂಗ್ ಆಟ ಮಾಡಿದ ನೆವರ್‌ಸಾಫ್ಟ್‌ನವರದ್ದೇ ಇದು. ಆಟ ಓಡಿಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಎಂಜಿನ್ ಕೂಡ ಅದೇ. ಇದರಲ್ಲಿ 'ಕಿಡ್ ಮೋಡ್' ಅಂತ ಮಕ್ಕಳಿಗಾಗಿಯೇ ಒಂದು ಸುಲಭದ ಆಯ್ಕೆ ಇದೆ. ನನ್ನ ಅಕ್ಕನ ಮಗಳು 8 ವರ್ಷಕ್ಕೇ ಅದರಲ್ಲಿ ಆಡಿ ಮುಗಿಸಿದಳು. ನಿಜ ಹೇಳಬೇಕಂದ್ರೆ ನಾನೂ ಮೊದಲ ಸಲ ಮುಗಿಸಿದ್ದು ಅದರಲ್ಲೇ.

ಒಂದು ತಮಾಷೆ ನೋಡಿ. ಸ್ಪೈಡರ್‌ಮ್ಯಾನ್ ಜೋತಾಡುವಾಗ ಬಲೆ ಯಾವುದಕ್ಕೆ ಅಂಟಿದೆ ಅಂತ ಮೇಲೆ ಹುಡುಕಿದರೆ ಏನೂ ಇರೋದಿಲ್ಲ, ಬರೀ ಆಕಾಶ. ಕೆಳಗೆ ರಸ್ತೆಯೂ ಇಲ್ಲ, ಮಂಜು. ಅಷ್ಟು ದೊಡ್ಡ ಊರನ್ನು ರಸ್ತೆ ಸಮೇತ ತೋರಿಸುವ ತಾಕತ್ತು ಆ ಯಂತ್ರಕ್ಕೆ ಇರಲಿಲ್ಲ. ಅದಕ್ಕೆ ಖಳನಾಯಕ ಊರಿಗೆಲ್ಲ ವಿಷದ ಮಂಜು ಬಿಟ್ಟ ಅಂತ ಕಥೆಯಲ್ಲೇ ಸೇರಿಸಿಬಿಟ್ಟರು. ಮಂಜಿಗೆ ಬಿದ್ದರೆ ಆಟ ಮುಗೀತು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನೋ ಮಾತು ಇದೆಯಲ್ಲ, ಇವರು ನೆಲವನ್ನೇ ತೆಗೆದುಬಿಟ್ಟರು!

ಕೊನೆಗೆ ಡಾಕ್ಟರ್ ಆಕ್ಟೋಪಸ್ ರಾಕ್ಷಸನಾಗಿ ಅಟ್ಟಿಸಿಕೊಂಡು ಬರುತ್ತಾನೆ. ಅಲ್ಲಿ ಮಾತ್ರ ಮಗನ ಪಕ್ಕದಲ್ಲಿ ಕೂತಿರಿ. ಮೆಮೊರಿ ಕಾರ್ಡ್ ಮರೀಬೇಡಿ, ಅದಿಲ್ಲದಿದ್ದರೆ ದಿನಾ ಮೊದಲಿಂದ ಆಡಬೇಕು.

ಕೆಂಪು ಕಾರ್ಟ್ರಿಡ್ಜ್:
ಮೆಗಾ ಡ್ರೈವ್‌ಗೆ ಸ್ಪೈಡರ್‌ಮ್ಯಾನ್ ಹುಡುಕಿದರೆ 1994ರ 'ಮ್ಯಾಕ್ಸಿಮಮ್ ಕಾರ್ನೇಜ್' ಸಿಕ್ಕೇ ಸಿಗುತ್ತದೆ. ನನ್ನ ಹತ್ತಿರ ಇರೋದು ಕೆಂಪು ಪ್ಲಾಸ್ಟಿಕ್‌ನದ್ದು. ಬೀದಿಯಲ್ಲಿ ನಡೀತಾ ಗೂಂಡಾಗಳನ್ನು ಬಡಿಯುವ ಆಟ. ಕೆಲವು ಕಡೆ ಸ್ಪೈಡರ್‌ಮ್ಯಾನ್‌ನ ಹಳೇ ಎದುರಾಳಿ ವೆನಮ್ ಆಗಿಯೂ ಆಡಬಹುದು. ಎರಡೂ ಪಕ್ಕ ಒಬ್ಬೊಬ್ಬ ನಿಂತಿದ್ದರೆ ಇಬ್ಬರಿಗೂ ಬಲೆ ಎಸೆದು ತಲೆಗೆ ತಲೆ ಢಿಕ್ಕಿ ಹೊಡೆಸಬಹುದು. ಆ ಖುಷಿ ಇವತ್ತಿಗೂ ಹಳೇದಾಗಿಲ್ಲ.

ಆದರೆ ಸೇವ್ ಇಲ್ಲ, ಪಾಸ್‌ವರ್ಡೂ ಇಲ್ಲ. ಕೂತವರು ಮುಗಿಸಿಯೇ ಏಳಬೇಕು. ನಾನು ಒಂದು ಸಲ ಮುಕ್ಕಾಲು ಭಾಗ ದಾಟಿದ್ದೆ, ಕರೆಂಟ್ ಹೋಯಿತು. ಆಮೇಲೆ ಆರು ತಿಂಗಳು ಅದನ್ನು ಮುಟ್ಟಲಿಲ್ಲ. 9 ವರ್ಷದವನಿಗೆ ಕೊಡಬೇಡಿ. ಅವನು ಮಲಗಿದ ಮೇಲೆ ನೀವು ಆಡಿ.

ರೀಸೆಟ್ ಬಟನ್:
ನಿಮ್ಮ ಹತ್ತಿರ ಇರುವ 'ಎಕ್ಸ್-ಮೆನ್' ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮೆಗಾ ಡ್ರೈವ್‌ನದ್ದು ಅಂದರೆ 1993ರದ್ದು ಇರಬೇಕು. ವುಲ್ವರಿನ್, ಸೈಕ್ಲಾಪ್ಸ್, ಗ್ಯಾಂಬಿಟ್, ನೈಟ್‌ಕ್ರಾಲರ್, ಈ ನಾಲ್ವರಲ್ಲಿ ಒಬ್ಬರನ್ನು ಆರಿಸಿ ಆಡೋದು. ತಾಯಿ ಮಗ ಒಟ್ಟಿಗೂ ಆಡಬಹುದು. ಕಷ್ಟ ಇದೆ, ಆದರೆ ಜೊತೆಗೊಬ್ಬರು ಇದ್ದರೆ ಸಾಗುತ್ತದೆ.

ಒಂದು ಗುಟ್ಟು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನ ಹಾಗೆ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತೀರಿ. ಕೊನೆಯ ಹತ್ತಿರ ಮೋಜೋ ಅನ್ನೋ ಖಳನ ಹಂತ ಬರುತ್ತದೆ. ಅಲ್ಲಿ ಕಂಪ್ಯೂಟರನ್ನು ರೀಸೆಟ್ ಮಾಡಬೇಕು ಅನ್ನೋ ಸುಳಿವು ಸಿಗುತ್ತದೆ, ಸಮಯ ಓಡುತ್ತಿರುತ್ತದೆ. ನಾನು ಗೋಡೆ, ನೆಲ, ಸಿಕ್ಕಿದ್ದಕ್ಕೆಲ್ಲ ಹೊಡೆದೆ. ಏನೂ ಆಗಲಿಲ್ಲ. ಆಮೇಲೆ ಗೊತ್ತಾಯಿತು, ಒತ್ತಬೇಕಾದ್ದು ಆಟದೊಳಗಿನ ಬಟನ್ ಅಲ್ಲ, ನಿಮ್ಮ ಮುಂದಿರುವ ಮೆಗಾ ಡ್ರೈವ್‌ನ ರೀಸೆಟ್ ಬಟನ್! ಅದೂ ಮೆಲ್ಲಗೆ, ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಡಬೇಕು. ಹಿಡಿದುಕೊಂಡರೆ ನಿಜವಾಗಿಯೂ ರೀಸೆಟ್ ಆಗಿ ಎಲ್ಲ ಹೋಗುತ್ತದೆ. ಸೆಗಾದ ಕೈಯಲ್ಲಿ ಹಿಡಿಯುವ ನೋಮ್ಯಾಡ್‌ಗೆ ರೀಸೆಟ್ ಬಟನ್ನೇ ಇಲ್ಲ. ಅದರಲ್ಲಿ ಆಡುವವರು ಅಲ್ಲಿಗೇ ನಿಲ್ಲಬೇಕು, ಪಾಪ.

ಮುಂದಕ್ಕೆ 1995ರ 'ಎಕ್ಸ್-ಮೆನ್ 2: ಕ್ಲೋನ್ ವಾರ್ಸ್' ಸಿಕ್ಕರೆ ಬಿಡಬೇಡಿ. ಸ್ವಿಚ್ ಹಾಕಿದ ಕೂಡಲೇ ಹೆಸರಿಲ್ಲ, ಮೆನು ಇಲ್ಲ, ಸೀದಾ ಹಿಮದಲ್ಲಿ ಹೊಡೆದಾಟ. ಮೊದಲ ದಿನ ಕಾರ್ಟ್ರಿಡ್ಜ್ ಕೆಟ್ಟಿದೆ ಅಂದುಕೊಂಡಿದ್ದೆ.

ಇಯರ್ ಬಡ್:
ಪರದೆ ಕಪ್ಪು ಅಂದ್ರಲ್ಲ, ಯಂತ್ರ ಕೆಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಬಾಯಿಂದ ಊದಲೂ ಬೇಡಿ. ನಾವೆಲ್ಲ ಊದಿದವರೇ, ಆದರೆ ಎಂಜಲಿನ ತೇವಕ್ಕೆ ಲೋಹ ಹಾಳಾಗುತ್ತದೆ. 90% ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್ ಬಡ್ ಅದ್ದಿ, ಕಾರ್ಟ್ರಿಡ್ಜ್ ಕೆಳಗಿನ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಒರೆಸಿ. ನನ್ನದರಲ್ಲಿ ಮೊದಲ ಬಡ್ ಕಾಡಿಗೆ ಹಾಗೆ ಬಂತು, ಎರಡನೆಯದು ಬೂದು, ನಾಲ್ಕನೆಯದು ಬಿಳಿ. ಪೂರ್ತಿ ಒಣಗಿದ ಮೇಲೆ ಹಾಕಿ.

ಆಟ ಕೊಳ್ಳುವಾಗ ನಕಲಿ ಬಗ್ಗೆ ಎಚ್ಚರ. ನಾನು ಒಬ್ಬರ ಹತ್ತಿರ ತಂದ ಬ್ಯಾಟ್‌ಮನ್ ಆಟ ಎರಡನೇ ಹಂತದಲ್ಲೇ ನಿಂತುಹೋಗುತ್ತಿತ್ತು. ಕಾರ್ಟ್ರಿಡ್ಜ್‌ನ ತಿರುಪು ಬಿಚ್ಚುವ 3.8 ಮಿಲಿಮೀಟರ್ ಬಿಟ್ ಹಾಕಿ ಬಿಚ್ಚಿ ನೋಡಿದರೆ ಚಿಪ್ ಇರಬೇಕಾದ ಕಡೆ ಕಪ್ಪು ಅಂಟಿನ ಉಂಡೆ. ಒಳಗಿನ ಬೋರ್ಡಿನ ಫೋಟೋ ಕೇಳಿ, ಆಮೇಲೆ ದುಡ್ಡು ಕೊಡಿ. ಟಿವಿ ಹೊಸದಾದರೆ 'ಗೇಮ್ ಮೋಡ್' ಹಾಕಿ. ಇಲ್ಲದಿದ್ದರೆ ಬಟನ್ ಒತ್ತಿ ಸ್ವಲ್ಪ ಹೊತ್ತಿಗೆ ಹೀರೋ ಜಿಗಿಯುತ್ತಾನೆ, ಬೈಗುಳ ಆಟಕ್ಕೆ ಬೀಳುತ್ತದೆ.

ಬಲೆಗಾರ:
ಇನ್ನೊಂದು ಮಾತು. ಪ್ಲೇಸ್ಟೇಷನ್‌ಗೆ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ಸಿಕ್ಕಿತು ಅಂತ ಹಿಗ್ಗಬೇಡಿ. ಹೊಡೆದಾಟದ ನಡುವೆಯೇ ಜೋಡಿಯಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಇಳಿಸುತ್ತಾ ಆಡೋದೇ ಅದರ ಮಜಾ. ಮೆಮೊರಿ ಸಾಲದೆ ಪ್ಲೇಸ್ಟೇಷನ್‌ನಲ್ಲಿ ಅದನ್ನೇ ತೆಗೆದರು. ಸೆಗಾದ ಇನ್ನೊಂದು ಯಂತ್ರ ಸ್ಯಾಟರ್ನ್‌ನಲ್ಲಿ 4 ಎಂಬಿ ರ‍್ಯಾಮ್ ಕಾರ್ಟ್ರಿಡ್ಜ್ ಹಾಕಿದರೆ ಪೂರ್ತಿ ಆಟ ಸಿಗುತ್ತದೆ.

ಅಜ್ಜನ ಜಾಯ್‌ಸ್ಟಿಕ್:
ನಿಮ್ಮ ಹತ್ತಿರ ಇನ್ನೂ ಹಳೇ ಯಂತ್ರ ಅಟಾರಿ 2600 ಇಲ್ಲ, ಗೊತ್ತು. ಆದರೂ ಸುಮ್ನೆ ಹೇಳುತ್ತೇನೆ. 1979ರ 'ಸೂಪರ್‌ಮ್ಯಾನ್'ನಲ್ಲಿ ನೀವು ಸಾಯೋದೇ ಇಲ್ಲ. ಕ್ರಿಪ್ಟೋನೈಟ್ ಕಲ್ಲು ತಗುಲಿದರೆ ಹಾರುವ ಶಕ್ತಿ ಹೋಗುತ್ತದೆ, ಗೆಳತಿ ಲೋಯಿಸ್ ಮುತ್ತು ಕೊಟ್ಟರೆ ವಾಪಸ್. ಒಡೆದ ಸೇತುವೆ ಜೋಡಿಸಿ, ಕಳ್ಳರನ್ನು ಜೈಲಿಗೆ ಹಾಕಿ, ಫೋನ್ ಬೂತ್‌ನಲ್ಲಿ ಬಟ್ಟೆ ಬದಲಿಸಿ ಆಫೀಸಿಗೆ ಹೋಗಬೇಕು. ಎಷ್ಟು ಬೇಗ ಹೋದಿರಿ ಅನ್ನೋದೇ ಸ್ಕೋರ್. ಮಕ್ಕಳಿಗೆ ಇದಕ್ಕಿಂತ ಒಳ್ಳೇ ಸೂಪರ್‌ಹೀರೋ ಆಟ ಆಮೇಲೆ ಬಂದದ್ದು ಕಡಿಮೆ ಅಂತ ನನ್ನ ಹಟ.

ಪುಟ್ಟನ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮೂರು ಬಡ್ ಕಪ್ಪಾದ ಮೇಲೆ 'ಎಕ್ಸ್-ಮೆನ್' ಓಡಿತು. ಸ್ಪೈಡರ್‌ಮ್ಯಾನ್ ಡಿಸ್ಕೂ ಸಿಕ್ಕಿತು. ಕಿಡ್ ಮೋಡ್‌ನಲ್ಲಿ ಹಾಕಿಕೊಟ್ಟೆ. ಮಗ ಇನ್ನೂ ಒಬ್ಬ ಖಳನನ್ನೂ ಮುಟ್ಟಿಲ್ಲ, ಗೋಡೆ ಹತ್ತೋದು, ಮಂಜಿಗೆ ಹಾರೋದು, ಅಷ್ಟೇ. ರಾತ್ರಿ ಅವನು ಮಲಗಿದ ಮೇಲೆ ಅಣ್ಣನನ್ನು ಕರೆಸಿ ಮೋಜೋನ ಹಂತದವರೆಗೆ ಹೋದೆವು. ಮೆಲ್ಲಗೆ ಒತ್ತು ಅಂತ ಹತ್ತು ಸಲ ಹೇಳಿದ್ದೆ. ಹಿಡಿದೇ ಬಿಟ್ಟ. ಪರದೆ ಮೇಲೆ ಸೆಗಾ ಲೋಗೊ ಬಂತು.