ಸಹಾಯ ಬೇಕು: ಐಟಿಐ ಮುಗಿಸಿದ ತಮ್ಮನಿಗೆ ಒಳ್ಳೆ ಸಂಬಳದ ಮೊದಲ ಕೆಲಸ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ಕಡೆ. ತಮ್ಮ ಈ ವರ್ಷ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ. ಅನುಭವ ಅಂದರೆ ಊರಲ್ಲಿ ಮನೆ ವೈರಿಂಗ್, ಬೋರ್‌ವೆಲ್ ಸ್ಟಾರ್ಟರ್ ರಿಪೇರಿ, ಅಷ್ಟೇ. ಆದರೆ ಕೆಲಸ ಚೆನ್ನಾಗಿ ಗೊತ್ತು. ಸ್ಟಾರ್ಟರ್ ಡಬ್ಬಿ ತೆಗೆದ ತಕ್ಷಣ ಕಾಂಟ್ಯಾಕ್ಟರ್ ಸುಟ್ಟಿದೆಯಾ, ರಿಲೇ ಟ್ರಿಪ್ ಆಗಿದೆಯಾ ಅಂತ ಹೇಳುತ್ತಾನೆ.

ಪೀಣ್ಯದ ಒಂದು ಕಾರ್ಖಾನೆ ಗುತ್ತಿಗೆ ಮೇಲೆ ಕರೆದಿದೆ. ರೂಮ್ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಇನ್ನೊಂದು ಕಡೆ ಕೆಲಸ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳಿದರು. ಬೇಡವೇ ಬೇಡ ಅಂದೆ.

ನನಗೆ ಅಪ್ರೆಂಟಿಸ್ ದಾರಿಯೇ, ಅಂದರೆ ಕಂಪನಿಯಲ್ಲಿ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವುದೇ, ಸರಿ ಅನಿಸುತ್ತದೆ. ಸ್ಟೈಪೆಂಡ್ ಕಡಿಮೆ, ನಿಜ. ಆದರೆ ಕೊನೆಗೆ ಪರೀಕ್ಷೆ ಪಾಸಾದರೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್) ಸಿಗುತ್ತದೆ, ರೈಲ್ವೆ ನೇಮಕಾತಿಯಲ್ಲಿ ಅದಕ್ಕೆ ಬೆಲೆ ಇದೆ. ಅಪ್ಪನಿಗೆ ಮಾತ್ರ ಹೆಸ್ಕಾಂ (ನಮ್ಮ ಕಡೆಯ ಸರ್ಕಾರಿ ವಿದ್ಯುತ್ ಕಂಪನಿ) ಪವರ್‌ಮ್ಯಾನ್ ಕೆಲಸವೇ ಆಗಬೇಕು. ಅಲ್ಲಿ ಆಯ್ಕೆಗೆ ಕಂಬ ಹತ್ತಿಸುತ್ತಾರೆ, ಎಸ್ಸೆಸ್ಸೆಲ್ಸಿ ಅಂಕ ನೋಡುತ್ತಾರೆ. ಕಂಬ ಹತ್ತುವುದು ಇವನಿಗೆ ಕಷ್ಟವಲ್ಲ, ಅಂಕವೇ ಕಡಿಮೆ. ಅಧಿಸೂಚನೆ ಬರುವ ತನಕ ಹುಡುಗನನ್ನು ಸುಮ್ನೆ ಮನೆಯಲ್ಲಿ ಕೂರಿಸಲು ನನಗೆ ಇಷ್ಟವಿಲ್ಲ.

ಲಿಫ್ಟ್ ಸರ್ವಿಸ್, ಮನೆ ಮೇಲಿನ ಸೋಲಾರ್, ಇವಿ ಚಾರ್ಜಿಂಗ್ ಕೆಲಸದಲ್ಲಿ ಇರುವವರು ಯಾರಾದರೂ ಇದ್ದೀರಾ? ಹೊಸಬರಿಗೆ ಪಿಎಫ್, ಇಎಸ್‌ಐ ಕಳೆದು ಕೈಗೆ ಎಷ್ಟು ಬರುತ್ತದೆ? ಓಟಿ ಸರಿಯಾಗಿ ಕೊಡುತ್ತಾರಾ? ಹುಬ್ಬಳ್ಳಿ, ಹರಿಹರದ ಕಡೆಯೇ ಸಿಕ್ಕರೆ ಬಾಡಿಗೆ ಉಳಿಯುತ್ತದೆ. ವೈರ್‌ಮನ್ ಪರ್ಮಿಟ್ (ವೈರಿಂಗ್ ಕೆಲಸಕ್ಕೆ ಸರ್ಕಾರದ ಪರವಾನಗಿ) ಮೊದಲೇ ಮಾಡಿಸಿಕೊಂಡರೆ ಸಂಬಳ ಜಾಸ್ತಿ ಆಗುತ್ತದಾ, ಅದನ್ನೂ ದಯವಿಟ್ಟು ತಿಳಿಸಿ.